ಮೊದಲ ದೋಸೆ ಕಾವಲಿಗೆ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಗೋಡೆಯ ಗಡಿಯಾರ ನನಗೆ ಎದುರಾಗಿಯೇ ಇತ್ತು. ಆ ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಕೊನೆಯ ಮೇಜಿನಲ್ಲಿ ಕುಳಿತಿದ್ದ ಭಟ್ಟರು ಬಲಗೈ ಎತ್ತಿದರು. ಮೊಣಕೈಯಿಂದ ಕೆಳಗೆ ಆ ಕೈಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಮೂವತ್ತೈದು ವರ್ಷ ಕಾದ ಕಾವಲಿಯ ಮೇಲೆ ಚಾಚಿ ಚಾಚಿ, ರೋಮವೆಲ್ಲ ಉರಿದುಹೋಗಿ, ಚರ್ಮ ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಎಡಗೈ ಮಾತ್ರ ಎಲ್ಲರ ಕೈಯಂತೆ. ಅವರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರೆ ಇಬ್ಬರು ಬೇರೆ ಬೇರೆ ಮನುಷ್ಯರು ಒಂದೊಂದು ಕೈ ಕೊಟ್ಟು ನಮಸ್ಕರಿಸಿದಂತೆ ಕಾಣುತ್ತಿತ್ತು.

“ಮೇಡಂ, ಒಳಗೆ...” ಎಂದರು.

“ಇನ್ ಇಂಗ್ಲಿಷ್, ಪ್ಲೀಸ್” ಎಂದೆ ನಾನು.

ಮೂರೇ ಪದ. ನಗುತ್ತಲೇ ಹೇಳಿದ್ದೆ. ಪಾಠ ಹೇಳುವವರು ತಮಗೆ ಪ್ರೀತಿಯ ವಿದ್ಯಾರ್ಥಿಯನ್ನು ತಡೆಯುವಾಗ ನಗುವ ನಗು ಅದು. ಅಂದಿನಿಂದ ಆ ನಗು ನನ್ನ ಮುಖದ ಮೇಲೆ ಒಣಗಿದ ಹಿಟ್ಟಿನ ಹಾಗೆ ಅಂಟಿಕೊಂಡಿದೆ.

ಭಟ್ಟರು ಎಂದರೆ ಜಾತಿಯಿಂದ ಬಂದ ಹೆಸರಲ್ಲ, ಕೆಲಸದಿಂದ ಬಂದದ್ದು. ಕರಾವಳಿಯವರು ನಡೆಸುವ ಹೋಟೆಲಿನಲ್ಲಿ ಒಲೆಯ ಮುಂದೆ ನಿಂತವರೆಲ್ಲ ಭಟ್ಟರೇ. ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಮಾರ್ಕೆಟ್ಟಿನಲ್ಲಿ ಅವರ ಹೋಟೆಲು. ನಾನು ಹಾಸನದವಳು. ಇಂಗ್ಲಿಷ್ ಎಂ.ಎ. ಮಾಡಿ ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೆ. ಆಮೇಲೆ ಗಂಡನ ವರ್ಗಾವಣೆಗಳ ಹಿಂದೆ ಊರೂರು ತಿರುಗಿ ದೆಹಲಿಗೆ ಬಂದು ನಿಂತವಳು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅಲ್ಲಿ ದೋಸೆ ತಿನ್ನುವುದು ವಾಡಿಕೆ. ಅಂಥ ಒಂದು ಭಾನುವಾರ, ಜುಲೈ ತಿಂಗಳು, ಸೊಂಟದ ಪಂಚೆಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಒಬ್ಬರು ಹೊರಗೆ ಬಂದು ನಮ್ಮ ಮೇಜಿನ ಪಕ್ಕ ನಿಂತರು. ಐವತ್ತೇಳು ವಯಸ್ಸು, ಕುಳ್ಳು ದೇಹ, ಸದಾ ಸಣ್ಣ ಕೆಮ್ಮು.

“ನೀವು ಇಂಗ್ಲಿಷ್ ಟೀಚರ್ ಆಗಿದ್ರಂತೆ? ಒಂದು ಪ್ರಶ್ನೆ ಉಂಟು. ನನ್ನ ಮಗಳು ಫೋನಲ್ಲಿ ಗೆಳತಿ ಹತ್ರ ಹೇಳ್ತಿದ್ಲು, ಮೈ ಡ್ಯಾಡ್ ಈಸ್ ವೆರಿ ಓಲ್ಡ್ ಸ್ಕೂಲ್ ಅಂತ. ನಾನು ಓದಿದ್ದು ಹಳೇ ಶಾಲೆಯೇ, ಅರ್ಧ ಹೆಂಚು ಹಾರಿಹೋಗಿತ್ತು. ಆದ್ರೆ ಅದು ಅವಳಿಗೆ ಹೇಗೆ ಗೊತ್ತು ಮಾರಾಯ್ರೆ? ಅವಳು ಹುಟ್ಟಿದ್ದೇ ದಿಲ್ಲಿಯಲ್ಲಿ.”

ನಗು ತಡೆದುಕೊಂಡು ಅರ್ಥ ಹೇಳಿದೆ: ಹಳೆಯ ಕಾಲದ ನಡೆನುಡಿ ಬಿಡದವರು ಅಂತ.

“ಹೊಗಳಿದ್ದಾ, ಬೈದದ್ದಾ?”

“ಎರಡೂ ಇರಬಹುದು.”

“ಹಾಗಾದ್ರೆ ಕಲೀಲೇಬೇಕು. ಬೈದ್ರೆ ಬೈದದ್ದು ಅಂತಾದ್ರೂ ಗೊತ್ತಾಗ್ಬೇಕಲ್ಲ.”

ಕಲಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಹೋಟೆಲಿನ ಮಾಲೀಕರು ಗ್ರೇಟರ್ ನೋಯ್ಡಾದಲ್ಲಿ, ಕಾಲೇಜುಗಳ ನಡುವೆ, ಹೊಸ ಶಾಖೆ ತೆರೆಯುವವರಿದ್ದರು. ಅಲ್ಲಿ ಗಿರಾಕಿಗಳ ಕಣ್ಣೆದುರಿಗೇ ದೋಸೆ ಹಾಕುವ ತೆರೆದ ಕೌಂಟರ್. ಅಲ್ಲಿ ನಿಲ್ಲುವವರಿಗೆ ಕಾಲೇಜು ಹುಡುಗ ಹುಡುಗಿಯರ ಜೊತೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಲು ಬರಬೇಕು ಎಂದು ಮಾಲೀಕರ ಷರತ್ತು. ಭಟ್ಟರಿಗೆ ಆ ಜಾಗ ಬೇಕಿತ್ತು. ಹಳೆಯ ಅಡುಗೆಮನೆಯ ಹೊಗೆ, ಕೆಮ್ಮು ಇದ್ದದ್ದೇ. ಆದರೆ ಅವರು ಹೇಳಿದ ಕಾರಣ ಬೇರೆ. “ಮೂವತ್ತೈದು ವರ್ಷ ಆಯ್ತು ಮೇಡಂ. ನನ್ನ ದೋಸೆ ತಿನ್ನುವವರ ಮುಖ ನಾನು ನೋಡ್ಲೇ ಇಲ್ಲ. ಪ್ಲೇಟ್ ಹೋಗ್ತದೆ, ಖಾಲಿ ಪ್ಲೇಟ್ ಬರ್ತದೆ. ನಡುವೆ ಎಂತ ಆಯ್ತು ಅಂತ ಗೊತ್ತೇ ಆಗೂದಿಲ್ಲ.”

ಹೀಗೆ ತರಗತಿ ಶುರುವಾಯಿತು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರರಿಂದ ನಾಲ್ಕು, ಮಂಗಳವಾರ ಮತ್ತು ಗುರುವಾರ. ಬಾಗಿಲಿಗೆ ‘ಬಂದ್’ ಬೋರ್ಡು ತೂಗುಹಾಕಿ, ಅಂದಿನ ವಿಶೇಷ ತಿಂಡಿ ಬರೆಯುವ ಬಿಳಿ ಹಲಗೆಯನ್ನು ಒರೆಸಿ ನನಗೆ ಕೊಡುತ್ತಿದ್ದರು. ಭಟ್ಟರನ್ನು ಸೇರಿಸಿ ಐದು ಜನ ವಿದ್ಯಾರ್ಥಿಗಳು. ಅವರಲ್ಲಿ ಗಢವಾಲದ ಕಡೆಯ ಒಬ್ಬ ಸಪ್ಲೈಯರ್ ಇದ್ದರು. ನಲವತ್ತು ದಾಟಿದವರು, ಹಿಂದಿ ಬಿಟ್ಟರೆ ಹೋಟೆಲಿನ ಕನ್ನಡ ನಾಲ್ಕು ಮಾತು.

ವ್ಯಾಕರಣ ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ದಿನಕ್ಕೆರಡು ನುಡಿಗಟ್ಟು, ಅದರ ಅರ್ಥ, ಅದನ್ನು ಯಾವಾಗ ಆಡಬೇಕು, ಅಷ್ಟೇ. ಭಟ್ಟರು ಎಲ್ಲವನ್ನೂ ತಮ್ಮ ಒಲೆಯ ಮೇಲಿಟ್ಟು ಬೇಯಿಸಿಕೊಳ್ಳದೆ ಒಪ್ಪುತ್ತಿರಲಿಲ್ಲ. ‘ಪೀಸ್ ಆಫ್ ಕೇಕ್’ ಎಂದರೆ ತೀರಾ ಸುಲಭದ ಕೆಲಸ, ನಮ್ಮಲ್ಲಿ ನೀರು ಕುಡಿದಷ್ಟು ಸಲೀಸು ಅನ್ನುತ್ತೇವಲ್ಲ, ಹಾಗೆ ಎಂದು ಹೇಳಿದರೆ ಅವರು ಕೈ ಎತ್ತುವರು: “ಮೇಡಂ, ಸೆಟ್ ದೋಸಾ ಈಸ್ ಪೀಸ್ ಆಫ್ ಕೇಕ್. ಪೇಪರ್ ದೋಸಾ ಈಸ್ ನಾಟ್.” ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ಎಂದೋ ಅಪರೂಪಕ್ಕೊಮ್ಮೆ ನಡೆಯುವಂಥದ್ದು. ಭಟ್ಟರ ಉದಾಹರಣೆ: “ಒನ್ಸ್ ಇನ್ ಎ ಬ್ಲೂ ಮೂನ್, ಧಣಿ ಕಮ್ಸ್ ಇನ್‌ಸೈಡ್ ಅಂಡ್ ಆಸ್ಕ್ಸ್, ಭಟ್ರೇ, ಊಟ ಆಯ್ತಾ?” ‘ಅಂಡರ್ ದ ವೆದರ್’ ಎಂದರೆ ಮೈ ಹುಷಾರಿಲ್ಲ. “ಮೇ ತಿಂಗಳು, ಹೋಲ್ ಕಿಚನ್ ಅಂಡರ್ ದ ವೆದರ್.” ‘ಔಟ್ ಆಫ್ ದ ಫ್ರೈಯಿಂಗ್ ಪ್ಯಾನ್’ ಎಂದು ಶುರುವಾಗುವುದನ್ನು ಹಲಗೆಯ ಮೇಲೆ ಬರೆದು ಅರ್ಥ ಹೇಳಿದ ದಿನ ಅವರು ಎದ್ದೇ ನಿಂತರು. “ಇದು ನಮ್ದು! ಬಾಣಲೆಯಿಂದ ಬೆಂಕಿಗೆ! ಇದನ್ನು ಅವ್ರು ಯಾವಾಗ ಹೊತ್ಕೊಂಡು ಹೋದ್ರು?”

ನಾನು ಮನೆಗೆ ಬಂದು ಇವನ್ನೆಲ್ಲ ಗಂಡನಿಗೆ ಹೇಳಿ ನಗುತ್ತಿದ್ದೆ. ಬಹಳ ವರ್ಷಗಳ ಮೇಲೆ ನನಗೊಂದು ಕೆಲಸ ಸಿಕ್ಕಿತ್ತು.

ಅವರದೂ ಒಂದು ಮಾತಿತ್ತು. ಬೆಳಿಗ್ಗೆ ಕಾವಲಿಗೆ ಬೀಳುವ ಮೊದಲ ದೋಸೆಯನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ. ಅದು ಹರಿಯುತ್ತದೆ, ಅಂಟುತ್ತದೆ, ಕಾವಲಿ ಹದಕ್ಕೆ ಬರುವುದೇ ಅದನ್ನು ಹಾಳುಮಾಡಿ. “ಮೊದಲ ದೋಸೆ ಕಾವಲಿಗೆ” ಎಂದು ಕಿತ್ತು ಪಕ್ಕಕ್ಕೆ ಹಾಕುತ್ತಿದ್ದರು. ತರಗತಿಯಲ್ಲಿ ಯಾರಾದರೂ ತಪ್ಪು ಇಂಗ್ಲಿಷ್ ಆಡಿ ನಾಚಿಕೊಂಡರೂ ಅದೇ ಮಾತು: “ಇರ್ಲಿ, ಮೊದಲ ದೋಸೆ ಕಾವಲಿಗೆ. ಎರಡನೇದು ಹಾಕು.” ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಒಮ್ಮೆ ಕೇಳಿದರು. ಹುಡುಕಿ ಹೇಳುತ್ತೇನೆ ಎಂದೆ. ಹುಡುಕಿದೆ. ಸರಿಯಾಗಿ ಕೂರುವ ಮಾತು ಸಿಗಲಿಲ್ಲ. “ಇಲ್ಲದಿದ್ರೆ ನಾವೇ ಕೊಡುವ, ಅವ್ರಿಗೂ ಒಂದು ಇರ್ಲಿ” ಎಂದರು. ಗ್ರೇಟರ್ ನೋಯ್ಡಾದ ಕೌಂಟರಿನಲ್ಲಿ ಮೊದಲ ದಿನ ಹೇಳಲಿಕ್ಕೆ ವಾಕ್ಯ ತಯಾರು ಮಾಡಿಟ್ಟುಕೊಂಡಿದ್ದರು: “ಫಸ್ಟ್ ದೋಸಾ ಈಸ್ ಫಾರ್ ದ ತವಾ, ಸರ್. ಸೆಕೆಂಡ್ ಈಸ್ ಫಾರ್ ಯೂ.”

ದಸರಾ ಕಳೆದ ಮೇಲೆ ನಾನೊಂದು ನಿಯಮ ಮಾಡಿದೆ. ಮೂರರಿಂದ ನಾಲ್ಕರವರೆಗೆ ಈ ಊಟದ ಹಾಲ್‌ನಲ್ಲಿ ಕನ್ನಡ ಇಲ್ಲ, ಹಿಂದಿ ಇಲ್ಲ. ಮಾತಾಡಬೇಕಾದರೆ ಕೈ ಎತ್ತಬೇಕು, ಪೂರ್ತಿ ವಾಕ್ಯದಲ್ಲಿ ಹೇಳಬೇಕು, ಏಳಬೇಕಾದರೂ ಹೇಳಿಯೇ ಏಳಬೇಕು. ನಿಯಮ ಮಾಡಿದವಳು ನಾನೇ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ದೆಹಲಿಯ ಜನವರಿಯಲ್ಲಿ ದೋಸೆಹಿಟ್ಟು ಹುದುಗುವುದಿಲ್ಲ. ರಾತ್ರಿಯಿಡೀ ಇಟ್ಟರೂ ಕಲ್ಲಿನಂತೆ ಕುಳಿತಿರುತ್ತದೆ. ಅದಕ್ಕೆ ಇಲ್ಲಿನ ನಮ್ಮ ಹೋಟೆಲಿನವರು ಮಾಡಿಕೊಂಡ ಉಪಾಯವೊಂದಿದೆ. ಅಡುಗೆಮನೆಯ ಹಿಂದಿನ ಹಿಟ್ಟಿನ ಕೋಣೆಯಲ್ಲಿ ಒಂಟಿ ಒಲೆಯನ್ನು ಸಣ್ಣ ಉರಿಯಲ್ಲಿ ಹಚ್ಚಿ, ಅದರ ಮೇಲೆ ನೀರಿನ ಹಂಡೆ ಇಟ್ಟು, ಸುತ್ತ ಹಿಟ್ಟಿನ ಪಾತ್ರೆಗಳನ್ನು ಜೋಡಿಸುತ್ತಾರೆ. ಬೆಚ್ಚಗಿನ ಗಾಳಿ ಹೊರಗೆ ಹೋಗಬಾರದೆಂದು ಬಾಗಿಲು ಮುಚ್ಚಿ, ಸಂದಿಗಳಿಗೆಲ್ಲ ಗೋಣಿಚೀಲ ತುರುಕುತ್ತಾರೆ. “ಬಾಣಂತಿ ಕೋಣೆ” ಎಂದು ಭಟ್ಟರು ಅದಕ್ಕೆ ಹೆಸರಿಟ್ಟಿದ್ದರು. ಅಪಾಯವೆಂದು ಯಾರಿಗೂ ಅನ್ನಿಸಿರಲಿಲ್ಲ. ಎಷ್ಟೋ ಚಳಿಗಾಲ ಹಾಗೇ ಕಳೆದಿತ್ತು. ದಿನವಿಡೀ ಭಟ್ಟರ ಮೂಗು ಆ ಕೋಣೆಯ ಕಾವಲಿಗಿರುತ್ತಿತ್ತು. ಮೂಗು ಕೆಲಸ ಮಾಡುತ್ತಿರುವಾಗ ಕಣ್ಣು ಬೇಕಿಲ್ಲ ಎನ್ನುತ್ತಿದ್ದರು.

ಆ ಗುರುವಾರ, ಮರುದಿನದ ಯಾವುದೋ ಸಮಾರಂಭಕ್ಕೆಂದು ಒಂದು ಪಾತ್ರೆ ಹಿಟ್ಟು ಹೆಚ್ಚಾಗಿತ್ತು. ನೆಲದಲ್ಲಿ ಜಾಗವಿಲ್ಲದೆ ಅದನ್ನು ಹಂಡೆಯ ಮುಚ್ಚಳದ ಮೇಲೆಯೇ ಇಟ್ಟಿದ್ದರು. ಶಾಖ ನೇರವಾಗಿ ತಾಗಿ ಆ ಹಿಟ್ಟು ಬೇಗ ಉಬ್ಬಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ನಾನು ಹಲಗೆಯ ಮೇಲೆ ‘ಬೀಟ್ ಅರೌಂಡ್ ದ ಬುಷ್’ ಎಂದು ಬರೆದು, ಹೇಳಬೇಕಾದ್ದನ್ನು ನೇರವಾಗಿ ಹೇಳದೆ ಪೊದೆಯ ಸುತ್ತ ಬಡಿಯುತ್ತಿರುವುದು, ಸುತ್ತಿ ಬಳಸಿ ಮಾತಾಡುವುದು ಎಂದು ವಿವರಿಸಿ, ಉದಾಹರಣೆ ಕೊಡಿ ಎಂದಿದ್ದೆ. ಆಗಲೇ ಭಟ್ಟರು ಕೈ ಎತ್ತಿದ್ದು. ಉದಾಹರಣೆ ಕೇಳಿದಾಗಲೆಲ್ಲ ಮೊದಲು ಏಳುವ ಕೈ ಅದು. ಇವತ್ತೂ ಹಾಗೆಯೇ ಅಂದುಕೊಂಡೆ.

ಕನ್ನಡ ಬೇಡವೆಂದ ಮೇಲೆ ಅವರು ಎದ್ದು ನಿಂತರು. “ಮೇಡಂ... ದ ಬ್ಯಾಟರ್...”

“ಶುರುವಾಯ್ತು ನೋಡಿ ಭಟ್ರ ಉದಾಹರಣೆ!” ಎಂದು ಯಾರೋ ಪಿಸುಗುಟ್ಟಿದರು. ನಕ್ಕೆವು. ಗಢವಾಲದವರೂ ನಕ್ಕರು.

“ದ ಬ್ಯಾಟರ್ ಈಸ್... ಈಸ್...” ಪದ ಸಿಗದೆ ಕೈಯನ್ನು ಮೇಲೆ ಕೆಳಗೆ ಆಡಿಸಿದರು.

“ಟೇಕ್ ಯುವರ್ ಟೈಮ್. ಫುಲ್ ಸೆಂಟೆನ್ಸ್” ಎಂದು ನಾನು ಅವರನ್ನು ಕೂರಿಸಿ, ಮುಂದಿನವರನ್ನು ಕೇಳಿದೆ. ಭಟ್ಟರು ಕುಳಿತರು. ಕುಳಿತವರ ಮೂಗು ಮಾತ್ರ ಅಡುಗೆಮನೆಯ ಕಡೆ ತಿರುಗಿತ್ತು. ಮೂರು ನಲವತ್ತೆರಡಕ್ಕೆ ಮತ್ತೆ ಕೈ ಎದ್ದಿತು. ಈ ಸಲ ನಾನು ಇನ್ನೊಬ್ಬರ ವಾಕ್ಯ ತಿದ್ದುತ್ತಿದ್ದೆ. ಅವರತ್ತ ನೋಡದೆ, ತಡೆಯಿರಿ ಎಂಬಂತೆ ಅಂಗೈ ತೋರಿಸಿದೆ.

ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಭಟ್ಟರು ಓಡುತ್ತಿದ್ದರು.

“ಎಲ್ಲ ಹೊರಗೆ ನಡೀರಿ! ಬಾಹರ್, ಬಾಹರ್! ಸ್ವಿಚ್ ಮುಟ್ಬೇಡಿ ಯಾರೂ! ಮೇಡಂ, ನಿಮ್ಗೂ ಹೇಳಿದ್ದು, ನಡೀರಿ!”

ಆಗ ನನಗೂ ಬಂತು ಆ ವಾಸನೆ. ಗಢವಾಲದವರು ನನ್ನ ಮೊಣಕೈ ಹಿಡಿದು ಎಳೆದುಕೊಂಡು ರಸ್ತೆಗೆ ತಂದರು. ಒಳಗೆ ಬಾಗಿಲು ಒದ್ದ ಸದ್ದು, ಹಿಂದಿನ ಶಟರ್ ಮೇಲೆ ಸರಿದ ಸದ್ದು. ಅವರು ಸಿಲಿಂಡರಿನ ಕೀಲಿ ತಿರುಗಿಸಿ, ಗಾಳಿಗೆ ದಾರಿ ಮಾಡಿ, ಇನ್ನೇನು ಹೊರಗೆ ಬರಬೇಕು. ಕೋಣೆಯ ಮೂಲೆಯ ಹಳೆಯ ಫ್ರಿಜ್ ತನ್ನಷ್ಟಕ್ಕೆ ಚಾಲೂ ಆಯಿತು, ಅದರ ಕಿಡಿ ಗ್ಯಾಸಿಗೆ ತಾಗಿತು. ದೊಡ್ಡ ಸದ್ದೇನೂ ಅಲ್ಲ. ಯಾರೋ ಒದ್ದೆ ಕಂಬಳಿ ಕೊಡವಿದ ಹಾಗೆ ‘ಬಫ್’ ಎಂದಿತು. ಗಾಜಿನ ಬಾಗಿಲಿನಾಚೆ ಎಲ್ಲವೂ ಒಂದು ಕ್ಷಣ ಹಳದಿಯಾಯಿತು. ಆಮೇಲೆ ಭಟ್ಟರು ನಡೆದುಕೊಂಡೇ ಹೊರಗೆ ಬಂದರು, ಎರಡೂ ಕೈಗಳನ್ನು ಮುಂದಕ್ಕೆ ಚಾಚಿಕೊಂಡು, ಯಾರಿಗೋ ತಟ್ಟೆ ಕೊಡುವವರ ಹಾಗೆ. ಈಗ ಎರಡೂ ಕೈ ಒಂದೇ ತರಹ ಇದ್ದವು.

ಉಕ್ಕಿದ ಹಿಟ್ಟು ಹಂಡೆಯ ಮೈಯಿಂದ ಇಳಿದು ಒಲೆಗೆ ಬಿದ್ದಿತ್ತು. ಮೊದಲು ಹಿಟ್ಟು ಸುಟ್ಟ ವಾಸನೆ ಬಂದಾಗ ಅವರು ಕೈ ಎತ್ತಿದ್ದು. ಎರಡು ನಿಮಿಷದ ನಂತರ ಆ ವಾಸನೆ ನಿಂತುಹೋಯಿತು. ನಿಂತಿತೆಂದರೆ ಉರಿ ಆರಿತು, ಆದರೆ ಗ್ಯಾಸು ಬರುತ್ತಿದೆ. ಆಗ ಎರಡನೆಯ ಸಲ ಕೈ ಎತ್ತಿದ್ದು. ಮೊದಲ ಸಲವೇ ಅವರು ಹೋಗಿದ್ದರೆ ಒದ್ದೆ ಬಟ್ಟೆಯಿಂದ ಒಲೆ ಒರೆಸಿ, ಪಾತ್ರೆ ಕೆಳಗಿಳಿಸಿ, ಗೊಣಗುತ್ತ ವಾಪಸು ಬಂದು ಕುಳಿತಿರುತ್ತಿದ್ದರು. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ ನನಗೇ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಐದನೆಯ ದಿನ ಮಾಲೀಕರು ಬಂದರು. ಅವರೂ ಕರಾವಳಿಯವರೇ, ಕೆಟ್ಟವರಲ್ಲ. ಮೊಣಕೈವರೆಗೆ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದ ಭಟ್ಟರ ತಲೆದೆಸೆಯಲ್ಲಿ ನಿಂತು, “ಕೈಯ ಚಿಂತೆ ಬಿಡಿ ಭಟ್ರೇ. ಕೌಂಟರಲ್ಲಿ ದೋಸೆ ಹಾಕ್ಲಿಕ್ಕೆ ಬೇರೆಯವ್ರನ್ನು ಇಡುವ. ಪಕ್ಕದಲ್ಲಿ ನಿಂತು ಮಾತಾಡಿದ್ರೆ ಸಾಕು ನೀವು. ಇಂಗ್ಲಿಷ್ ಪಂಡಿತರು ಈಗ!” ಎಂದರು. ಭಟ್ಟರ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಆಮೇಲೆ ಮಾಲೀಕರು ಸಹಜವಾಗಿ ಕೇಳಿದರು: “ಅದಿರ್ಲಿ, ನಿಮ್ಮ ಮೂಗಿಗೆ ತಪ್ಪಿಸಿಕೊಂಡು ಅಷ್ಟು ಗ್ಯಾಸು ತುಂಬಿದ್ದು ಹೇಗೆ?”

ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಉತ್ತರ ನನ್ನ ಬಾಯಿಯಲ್ಲಿತ್ತು.

“ತೂಕಡಿಸಿಬಿಟ್ಟೆ ಧಣಿ” ಎಂದರು ಭಟ್ಟರು. “ಪಾಠ ನಡೀತಿತ್ತು. ಬಿಸಿಬಿಸಿ ಊಟ, ಚಳಿ... ಕಣ್ಣು ಹತ್ತಿಬಿಟ್ತು.”

ಮಾಲೀಕರು ಅವರ ಬ್ಯಾಂಡೇಜು ನೋಡಿದರು, ಹಣ್ಣಿನ ಚೀಲ ಮೇಜಿನ ಮೇಲಿಟ್ಟು ಹೊರಟರು. ಬಾಗಿಲಿನವರೆಗೆ ಹೋದ ನನಗೆ ತಗ್ಗಿದ ದನಿಯಲ್ಲಿ, “ಒಲೆ ಉರೀತಿರುವಾಗ ನಿದ್ದೆ ಮಾಡುವವ್ರನ್ನು ಗಿರಾಕಿ ಮುಂದೆ ಹೇಗೆ ನಿಲ್ಲಿಸೂದು, ನೀವೇ ಹೇಳಿ” ಎಂದರು.

ನಾನು ಹೇಳಲಿಲ್ಲ. ಆಗಲೂ ಹೇಳಲಿಲ್ಲ. ಆ ತರಗತಿಯಲ್ಲಿದ್ದ ಉಳಿದ ನಾಲ್ವರೂ ಹೇಳಲಿಲ್ಲ. ಭಟ್ಟರೇ ಹಾಗೆಂದ ಮೇಲೆ ನಮ್ಮದೇನು ಎಂದು ಸುಮ್ಮನಾದರು, ನನ್ನ ಮುಖ ನೋಡಿಯೂ ಇರಬಹುದು. ಭಟ್ಟರು ನನ್ನನ್ನು ಕಾಪಾಡಲಿಕ್ಕಾಗಿ ಸುಳ್ಳು ಹೇಳಿದರು ಎಂದುಕೊಂಡೆ. ಆ ಉಪಕಾರದ ಕೆಳಗೆ ಮುದುಡಿ ಕುಳಿತೆ. ಮನೆಯಲ್ಲಿ ಮಲಗುವ ಮುನ್ನ ಗ್ಯಾಸಿನ ಕೀಲಿ ನೋಡಿ ಬರುವುದು, ಮಲಗಿ ಮತ್ತೆ ಎದ್ದು ನೋಡಿ ಬರುವುದು ಶುರುವಾಯಿತು. ಕಣ್ಣು ಮುಚ್ಚಿದರೆ ಎದ್ದ ಕೈ. ನನ್ನ ಅಂಗೈ. ಹಳದಿ ಬೆಳಕು. ಗಂಡ ಮೊದಮೊದಲು ಬೈದರು, ಆಮೇಲೆ ದೀಪ ಹಚ್ಚಿಟ್ಟುಕೊಂಡು ನಾನು ವಾಪಸು ಬರುವವರೆಗೆ ಕೂತಿರುತ್ತಿದ್ದರು.

ಏಪ್ರಿಲ್‌ನಲ್ಲಿ ಗ್ರೇಟರ್ ನೋಯ್ಡಾದ ಶಾಖೆ ತೆರೆಯಿತು. ಕೌಂಟರಿನಲ್ಲಿ ಬೇರೆ ಯಾರೋ ನಿಂತರು. ಆ ವಾರ ನನಗೆ ತಡೆಯಲಾಗಲಿಲ್ಲ. ಮಾಲೀಕರಿಗೆ ಎಲ್ಲ ಹೇಳುವುದೆಂದು ನಿರ್ಧರಿಸಿ, ಮೊದಲು ಭಟ್ಟರಿಗೆ ತಿಳಿಸೋಣವೆಂದು ಅವರ ಮನೆಗೆ ಹೋದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಎರಡನೆಯ ಮಹಡಿಯ ಒಂದೂವರೆ ಕೋಣೆ. ಮಗಳು ಬಾಗಿಲು ತೆರೆದಳು. ತಾಯಿ ಹೋದ ಮೇಲೆ ತಂದೆಯ ಕೈಯಲ್ಲೇ ಬೆಳೆದವಳು, ಈಗ ಒಂದು ಕಚೇರಿಯಲ್ಲಿ ಕೆಲಸ.

“ಆಂಟಿ, ಬನ್ನಿ ನಾ. ಪಪ್ಪಾಗೆ ಸ್ವಲ್ಪ ಸಮ್ಝಾಯಿಸಿ. ಡಾಕ್ಟರ್ ಎಕ್ಸರ್‌ಸೈಜ್ ಕೊಟ್ಟಿದಾರೆ, ಬಾಲ್ ಹಿಚುಕು ಅಂದ್ರೆ ಸುನ್ತೇ ಹೀ ನಹೀ, ಕೇಳೋದೇ ಇಲ್ಲ. ಹಿಟ್ಟು ಕೊಡು, ಕಲಸ್ತೇನೆ ಅಂತಾರೆ.”

“ಚೆಂಡು ಹಿಚುಕಿದ್ರೆ ಎಂತ ಸಿಗ್ತದೆ? ಹಿಟ್ಟು ಕಲಸಿದ್ರೆ ಚಪಾತಿಯಾದ್ರೂ ಸಿಗ್ತದೆ” ಎಂದು ಒಳಗಿನಿಂದ ದನಿ ಬಂತು.

ಬಲಗೈಯ ಬೆರಳುಗಳು ಅರ್ಧ ಮಡಚಿಕೊಂಡು ಹಾಗೇ ನಿಂತಿದ್ದವು. ಹೋಟೆಲಿನಲ್ಲಿ ಈಗ ಅವರಿಗೆ ಕೂತು ಉಸ್ತುವಾರಿ ನೋಡುವ ಕೆಲಸ. ಮಗಳು ಚಹಾ ಮಾಡಲು ಹೋದಳು. ನಾನು ಒಂದೇ ಉಸಿರಿಗೆ ಹೇಳಿದೆ: ನೀವು ತೂಕಡಿಸಿರಲಿಲ್ಲ, ಎರಡು ಸಲ ಕೈ ಎತ್ತಿದಿರಿ, ತಡೆದವಳು ನಾನು. ಇವತ್ತೇ ಧಣಿಗಳಿಗೆ ಹೇಳುತ್ತೇನೆ. ಆ ಕೌಂಟರ್ ನಿಮಗೆ ಸಿಗಬೇಕಾದದ್ದು.

ಅವರು ತಟ್ಟನೆ ನನ್ನತ್ತ ತಿರುಗಿದರು. ಸಿಟ್ಟು ಬಂದಿತ್ತು. ಅವರ ಸಿಟ್ಟನ್ನು ನಾನು ಅದೇ ಮೊದಲು ನೋಡಿದ್ದು.

“ಹೇಳ್ಬೇಡಿ.”

“ನನಗಾಗಿ ನೀವು ಯಾಕೆ...”

“ನಿಮಗಾಗಿ ಅಂತ ಯಾರು ಹೇಳಿದ್ರು?” ದನಿ ಏರಿತು. “ಮೇಡಂ, ತೂಕಡಿಸಿದ ಭಟ್ಟ ಅಂತ ಹೇಳಿಸ್ಕೊಂಡು ಬದುಕಬಹುದು. ಮನುಷ್ಯ, ನಿದ್ದೆ ಬರ್ತದೆ. ಆದ್ರೆ ಹಿಟ್ಟು ಉಕ್ಕಿದ್ದು ಮೂಗಿಗೆ ಗೊತ್ತಾಗಿ, ಒಲೆ ಆರಿದ್ದು ಗೊತ್ತಾಗಿ, ನನ್ನದೇ ಅಡುಗೆಮನೆಗೆ ಹೋಗ್ಲಿಕ್ಕೆ ಕೈ ಎತ್ಕೊಂಡು ಅಪ್ಪಣೆ ಕಾದ ಭಟ್ಟ? ಅದನ್ನು ಹೇಳಿಸ್ಕೊಂಡು ನಾನು ಯಾವ ಒಲೆ ಮುಂದೆ ನಿಲ್ಲೂದು? ಕೌಂಟರ್ ಹೋದ್ರೆ ಹೋಗ್ಲಿ. ಭಟ್ಟ ಅನ್ನುವ ಮಾನ ಒಂದು ಹೋಗೂದು ಬೇಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮೂರು ತಿಂಗಳಿಂದ ನಾನು ಯಾವುದನ್ನು ಉಪಕಾರವೆಂದು ಹೊತ್ತು ತಿರುಗಿದ್ದೆನೋ ಅದು ನನಗೆ ಕೊಟ್ಟದ್ದೇ ಆಗಿರಲಿಲ್ಲ. ಅವರ ನಾಚಿಕೆಯ ಮೇಲೂ ನನ್ನ ಹೆಸರು ಬರೆದುಕೊಂಡಿದ್ದೆ. ಹಾಗೆಂದು ನನ್ನ ತಪ್ಪು ಚಿಕ್ಕದಾಗಲಿಲ್ಲ, ದೊಡ್ಡದೇ ಆಯಿತು. ಮೂವತ್ತೈದು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ ಒಲೆ ಕಾದ ಮನುಷ್ಯನಿಗೆ ಕೈ ಎತ್ತಿ ಕಾಯುವುದನ್ನು ನಾಲ್ಕೇ ತಿಂಗಳಲ್ಲಿ ಕಲಿಸಿದ್ದೆ ನಾನು.

ಚಹಾ ಬಂತು. ಎಡಗೈಯಲ್ಲಿ ಲೋಟ ಹಿಡಿದು ಕುಡಿದರು. ಸಿಟ್ಟು ಇಳಿದಿತ್ತು.

“ಮಲಗ್ತೀರಾ ಸರಿಯಾಗಿ?” ಎಂದು ಕೇಳಿದರು.

“ಇಲ್ಲ.”

“ಮೊದಲ ದೋಸೆ ಕಾವಲಿಗೆ ಮೇಡಂ. ಕಿತ್ತು ಹಾಕ್ಬೇಕು. ನೀವು ಅದನ್ನೇ ತಟ್ಟೆಗೆ ಹಾಕ್ಕೊಂಡು ತಿಂತಾ ಕೂತಿದ್ದೀರಿ.” ಲೋಟ ಕೆಳಗಿಟ್ಟು, “ಕ್ಲಾಸು ಯಾವಾಗ ಶುರು? ಉಳಿದವ್ರೂ ಕೇಳ್ತಾರೆ. ಮಾಡಿ. ಆದ್ರೆ ಕೈ ಎತ್ತಿಸ್ಬೇಡಿ” ಎಂದರು.

ಮಾಡುತ್ತೇನೆ ಎಂದೆ. ಮಾಡಲಿಲ್ಲ. ಬಿಸಿಲು ಇಳಿಯಲಿ ಎಂದೆ, ಇಳಿಯಿತು. ಮಳೆ ಮುಗಿಯಲಿ ಎಂದೆ, ಮುಗಿಯಿತು. ಗಂಡನ ಆಫೀಸಿನ ಗಡಿಬಿಡಿ ಎಂದೆ. ಹೋಟೆಲಿನ ಆ ಹಾಲ್‌ಗೆ ಕಾಲಿಟ್ಟರೆ ಗಡಿಯಾರ ಕಾಣುತ್ತದೆ ಎಂಬ ನಿಜವನ್ನು ಮಾತ್ರ ಹೇಳಲಿಲ್ಲ. ದಸರೆಯ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಸಿಕ್ಕಾಗ, ತರಕಾರಿ ಚೀಲವನ್ನು ಎಡಗೈಗೆ ನೇತುಹಾಕಿಕೊಂಡು ನಿಂತು, ನಾನು ಹೊಸದೊಂದು ನೆಪ ಹೇಳುವುದನ್ನು ಪೂರ್ತಿ ಕೇಳಿದರು. ಆಮೇಲೆ ನಕ್ಕರು. “ಮೇಡಂ, ನೀವು ಪೊದೆ ಬಡೀತಿದ್ದೀರಿ.” ಆ ದಿನದ ಪಾಠ ಅವರೊಬ್ಬರಿಗಾದರೂ ತಲುಪಿತ್ತು. ಕೆಮ್ಮುತ್ತ ಗಲ್ಲಿಯೊಳಗೆ ಹೋದರು.

ನವೆಂಬರಿನಲ್ಲಿ ದೆಹಲಿಯ ಗಾಳಿ ಎಂದಿನಂತೆ ಕೆಟ್ಟಿತು. ಕಿಟಕಿಯಾಚೆ ಎದುರಿನ ಬ್ಲಾಕೇ ಕಾಣದಂಥ ವಾರ ಅದು. ಮೂವತ್ತೈದು ವರ್ಷದ ಹೊಗೆ, ಒಂದು ಕ್ಷಣದ ಬೆಂಕಿ, ಅದರ ಮೇಲೆ ಈ ಗಾಳಿ. ಆಸ್ಪತ್ರೆ ಸೇರಿದ ಮೂರನೆಯ ದಿನ ಭಟ್ಟರು ಹೋದರು. ಮಗಳು ಫೋನು ಮಾಡಿದಾಗ ಮೊದಲು ಹಿಂದಿಯಲ್ಲಿ ಶುರುಮಾಡಿ, ತಡೆದು, ಕನ್ನಡಕ್ಕೆ ಬಂದಳು. “ಆಂಟಿ, ಪಪ್ಪಾ ಹೋದ್ರು.” ಅವಳ ಕನ್ನಡ ಅಷ್ಟು ಸ್ಪಷ್ಟವಾಗಿ ನಾನು ಎಂದೂ ಕೇಳಿರಲಿಲ್ಲ.

ಅವರಿಗೆ ಕೊಟ್ಟ ಮಾತನ್ನು ಇಲ್ಲಿ ಮುರಿಯುತ್ತಿದ್ದೇನೆ. ಹದಿಮೂರನೆಯ ದಿನ ಕಳೆದ ಮೇಲೆ ಆ ಹುಡುಗಿಗೆ ಎಲ್ಲ ಹೇಳಿದೆ. ಬಯ್ಯಲಿ ಎಂದುಕೊಂಡೇ ಹೇಳಿದೆ. ಅವಳು ಬಯ್ಯಲಿಲ್ಲ. “ನಾನು ಪಪ್ಪಾಗೆ ಎಷ್ಟು ಜಗಳ ಮಾಡ್ದೆ ಆಂಟಿ, ಡ್ಯೂಟಿಯಲ್ಲಿ ಕೈಸೇ ಸೋ ಗಯೇ, ನಿದ್ದೆ ಹೇಗೆ ಬಂತು ಅಂತ. ಒಂದ್ಸಲಾನೂ ನಂಗೆ ಹೇಳ್ಲಿಲ್ಲ” ಎಂದಳು. ಆಮೇಲೆ ಕಣ್ಣೊರೆಸಿಕೊಂಡು, “ನೀವು ಬರೀರಿ. ಪಪ್ಪಾ ಮಲಗಿರ್ಲಿಲ್ಲ, ಅದು ಸಬ್ ಕೋ ಪತಾ ಆಗ್ಬೇಕು” ಎಂದಳು. ಮಾಲೀಕರು ಕನ್ನಡ ಓದುತ್ತಾರೆ. ಇದನ್ನೂ ಓದುತ್ತಾರೆ. ಅವರಿಗೆ ನಾನು ಹೇಳಬೇಕಾದದ್ದು ಇಷ್ಟೇ: ಭಟ್ಟರ ಮೂಗು ತಪ್ಪಿರಲಿಲ್ಲ.

ಈ ಜನವರಿಯ ಎರಡನೆಯ ಮಂಗಳವಾರ, ಪಾಠ ಮತ್ತೆ ಶುರುಮಾಡುತ್ತೇನೆಂದು ಮೊದಲೇ ಹೇಳಿ ಕಳಿಸಿ, ಮಧ್ಯಾಹ್ನ ಮೂರಕ್ಕೆ ಹೋಟೆಲಿಗೆ ಹೋದೆ. ಹಿಟ್ಟಿನ ಕೋಣೆಯಲ್ಲಿ ಈಗ ಒಲೆ ಇಲ್ಲ, ಕರೆಂಟಿನ ಹೀಟರ್ ಬಂದಿದೆ. ಬಾಗಿಲ ಸಂದಿಯ ಗೋಣಿಚೀಲ ತೆಗೆದಿದ್ದಾರೆ. ಹಳೆಯ ನಾಲ್ವರೂ ಅವೇ ಜಾಗದಲ್ಲಿ ಕುಳಿತಿದ್ದರು. ಕೊನೆಯ ಮೇಜು ಖಾಲಿ. ಗಡಿಯಾರಕ್ಕೆ ಬೆನ್ನು ಹಾಕಿ ನಿಂತು, ಹಲಗೆಯ ಮೇಲೆ ಬರೆದೆ: ಫಸ್ಟ್ ದೋಸಾ ಈಸ್ ಫಾರ್ ದ ತವಾ. ಇದು ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಭಟ್ಟರು ಇಂಗ್ಲಿಷಿಗೆ ಕೊಟ್ಟದ್ದು ಎಂದೆ. ಅರ್ಥವನ್ನು ಅವರೇ ಹೇಳಲಿ ಎಂದು ಬಿಟ್ಟೆ. ಗಢವಾಲದವರು ಇಂಗ್ಲಿಷಿನಲ್ಲೇ ಹೇಳಲು ಶುರುಮಾಡಿದರು: “ಮೀನಿಂಗ್, ಮೇಡಂ... ಫಸ್ಟ್ ಮಿಸ್ಟೇಕ್ ಈಸ್ ನಾಟ್...”

ಅಷ್ಟಕ್ಕೆ ನಿಂತರು. ಮೂಗು ಅಡುಗೆಮನೆಯತ್ತ ತಿರುಗಿತು.

“ಅರೇ, ದೂಧ್!” ಎಂದು ಕುರ್ಚಿ ತಳ್ಳಿ ಓಡಿದರು. ಕೈ ಎತ್ತಲಿಲ್ಲ, ನನ್ನತ್ತ ನೋಡಲೂ ಇಲ್ಲ. ಉಳಿದ ಮೂವರು ನನ್ನ ಮುಖ ನೋಡಿದರು. ನಾನು ಮಾರ್ಕರ್ ಬಿಸಾಡಿ ಅವರ ಹಿಂದೆಯೇ ಓಡಿದೆ. ಉಕ್ಕಿ ಅಂಚಿಗೆ ಬಂದಿದ್ದ ಹಾಲು ಅವರು ಒಲೆ ಆರಿಸಿದೊಡನೆ ನಿಟ್ಟುಸಿರು ಬಿಟ್ಟ ಹಾಗೆ ಕೆಳಗಿಳಿಯಿತು. ಒಂದು ಹನಿಯೂ ಚೆಲ್ಲಿರಲಿಲ್ಲ. ನಾವಿಬ್ಬರೂ ಏದುಸಿರು ಬಿಡುತ್ತ ಆ ಪಾತ್ರೆಯನ್ನು ನೋಡುತ್ತ ನಿಂತೆವು. ಆಮೇಲೆ ಎಲ್ಲರಿಗೂ ಅದೇ ಹಾಲಿನಲ್ಲಿ ಕಾಫಿ ಆಯಿತು.

ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಪರದೆಯ ಸಂದಿಯಲ್ಲಿ ಬಿಸಿಲಿತ್ತು. ಗಂಡ ಆಫೀಸಿಗೆ ಹೊರಡುವ ಬಟ್ಟೆ ಹಾಕಿಕೊಂಡು ಮಂಚದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದರು.

“ರಾತ್ರಿ ನೀನು ಏಳ್ಲೇ ಇಲ್ಲ” ಎಂದರು. “ಗ್ಯಾಸ್ ನೋಡಿ ಬಂದಿದ್ಯಾ?”

“ಇಲ್ಲ” ಎಂದೆ.